ಯಾರಿಗೂ ಹೇಳದ ತಿಂಗಳುಗಳು

ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು ಎಂಬುದು ಹೊಲಿಗೆ ಕಲಿಯಲು ಬಂದವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಸಂಗತಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಒಳಗಿನ ಬಟ್ಟೆ ಕುಗ್ಗಿ, ಮೇಲಿನ ರೇಷ್ಮೆಯನ್ನು ಎಳೆದು, ರವಿಕೆ ಮುದುಡಿಕೊಳ್ಳುತ್ತದೆ. ಮೊನ್ನೆ ಬೆಳಿಗ್ಗೆ ಅಂಗಡಿಯ ಹಿಂದಿನ ಹಗ್ಗದಲ್ಲಿ ಮೂರು ಮೀಟರು ಹಸಿರು ಲೈನಿಂಗ್ ಹರವುತ್ತಿದ್ದೆ. ಒದ್ದೆ ಗಂಜಿಯ, ಅಗ್ಗದ ಬಣ್ಣದ ಆ ವಾಸನೆ ಮೂಗಿಗೆ ಬಡಿಯಿತು. ಮೂವತ್ತು ವರ್ಷದಿಂದ ದಿನವೂ ಬರುವ ವಾಸನೆ. ನಿಮ್ಮ ಅಡುಗೆಮನೆಯ ಒಗ್ಗರಣೆಯ ವಾಸನೆಯಂತೆ, ಅದು ಇದೆ ಎಂದೇ ನನಗೆ ಗೊತ್ತಾಗುವುದಿಲ್ಲ. ಆದರೆ ಕೆಲವು ದಿನ ಅದು ಬೇರೆ ಥರ ಬರುತ್ತದೆ. ಆಗ ನನಗೆ ಹರಿಣಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡು ಇದೇ ಹಿಂದಿನ ಬಾಗಿಲಿಂದ ಹೊರಗೋಡಿದ್ದು ನೆನಪಾಗುತ್ತದೆ.

ಜೆಪ್ಪುವಿನ ಒಳರಸ್ತೆಯೊಂದರಲ್ಲಿ ನನ್ನದೊಂದು ಹೆಂಗಸರ ಟೈಲರ್ ಅಂಗಡಿ. ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಪರದೆಯ ಹಿಂದೆ ಅಳತೆ ತೆಗೆಯಲು ಒಬ್ಬರು ನಿಲ್ಲುವಷ್ಟು ಜಾಗ. ದೊಡ್ಡ ಅಂಗಡಿಯಲ್ಲ. ಆದರೆ ಆ ಪರದೆಯ ಹಿಂದೆ ಎಷ್ಟು ಸಂಗತಿ ತಿಳಿಯುತ್ತದೆ ಎಂದು ನಿಮಗೆ ಹೇಳಿದರೆ ನಂಬಲಿಕ್ಕಿಲ್ಲ. ಯಾರು ಊಟ ಬಿಟ್ಟಿದ್ದಾರೆ, ಯಾರ ಬೆನ್ನು ಬಾಗುತ್ತಿದೆ, ಯಾರ ತೋಳಿನಲ್ಲಿ ಬಳೆಯದಲ್ಲದ ಗುರುತಿದೆ, ಎಲ್ಲ. ಬಸುರಿಯಂತೂ ಮುಚ್ಚಿಡಲು ಆಗುವುದೇ ಇಲ್ಲ. ಹೊಟ್ಟೆಯನ್ನು ನೋಡಿ ಹೇಳುವುದು ಎಲ್ಲರಿಗೂ ಬರುತ್ತದೆ. ನಮಗೆ ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ. ಸೊಂಟದ ಅಳತೆ ಹಾಗೇ ಇರುತ್ತದೆ, ಎದೆಯದ್ದು ಮುಕ್ಕಾಲಿಂಚು ಏರಿರುತ್ತದೆ, ಟೇಪು ಸ್ವಲ್ಪ ಬಿಗಿಯಾದರೂ ಹುಡುಗಿ ತುಟಿ ಕಚ್ಚುತ್ತಾಳೆ. ಗಂಡನಿಗೆ ಗೊತ್ತಾಗುವ ಮೊದಲು ನನಗೆ ಗೊತ್ತಾದದ್ದೂ ಉಂಟು.

ಗೊತ್ತಾದರೂ ಹೇಳುವಂತಿಲ್ಲ. ಅದು ಈ ಕೆಲಸದ ಮರ್ಯಾದೆ ಎಂದು ನನಗೆ ಹೊಲಿಗೆ ಕಲಿಸಿದವರು ಹೇಳಿದ್ದರು. ನಾನೂ ಅದನ್ನು ಬಹಳ ಹೆಮ್ಮೆಯಿಂದ ಪಾಲಿಸುತ್ತಿದ್ದೆ. ಕಂಡದ್ದನ್ನು ಕಾಣದ ಹಾಗೆ ಇದ್ದು, ಸುಮ್ಮನೆ ಒಳಗೆ ಒಂದಿಂಚು ಬಟ್ಟೆ ಹೆಚ್ಚು ಬಿಟ್ಟು ಹೊಲಿದು ಕೊಡುತ್ತಿದ್ದೆ. ಎರಡು ತಿಂಗಳ ನಂತರ ಬಿಚ್ಚಿ ದೊಡ್ಡದು ಮಾಡಲು ಬಂದವರು, "ಅಯ್ಯೋ, ನೀವು ಮೊದಲೇ ಬಟ್ಟೆ ಬಿಟ್ಟಿದ್ದೀರಲ್ಲ!" ಎಂದು ಆಶ್ಚರ್ಯಪಟ್ಟರೆ ನಾನೊಂದು ದೊಡ್ಡ ಜ್ಞಾನಿಯ ನಗು ನಗುತ್ತಿದ್ದೆ. ಈಗ ಆ ನಗುವನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಹರಿಣಾಕ್ಷಿ ನನ್ನ ಅಂಗಡಿಗೆ ಬಂದದ್ದು ಸುಮಾರು ಹನ್ನೆರಡು ವರ್ಷದ ಹಿಂದೆ. ವಾಮಂಜೂರಿನ ಹುಡುಗಿ. ಅಪ್ಪನಿಗೆ ಅಲ್ಲಿ ಸ್ವಲ್ಪ ಗದ್ದೆಯಿತ್ತು, ಅದರ ಅರ್ಧದಲ್ಲಿ ಆಗಲೇ ಮನೆಗಳು ಎದ್ದಿದ್ದವು. ಮದುವೆಯಾಗಿ ನಮ್ಮ ರಸ್ತೆಯ ಕೊನೆಯ ಮನೆಗೆ ಬಂದಳು. ಗಂಡ ಗಲ್ಫಿನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಮನೆಯಲ್ಲಿ ಅವಳೂ ಅತ್ತೆ ಗಿರಿಜಕ್ಕನೂ ಇಬ್ಬರೇ. ಹಗಲು ಹೊತ್ತು ಹೋಗಲಿ ಎಂದು ಗಿರಿಜಕ್ಕನೇ ಅವಳನ್ನು ಕರೆದುಕೊಂಡು ಬಂದು, "ಇವಳಿಗೆ ಕೈಕೆಲಸ ಚಂದ ಬರ್ತದೆ, ಹುಕ್ಸು ಹೆಮ್ಮಿಂಗು ಎಲ್ಲ ಮಾಡ್ತಾಳೆ. ಮಾತು ಮಾತ್ರ ಕಮ್ಮಿ" ಎಂದು ಒಪ್ಪಿಸಿದ್ದರು. ಮಾತು ನಿಜಕ್ಕೂ ಕಮ್ಮಿ. ದಿನಕ್ಕೆ ಹತ್ತು ರವಿಕೆಗೆ ಹುಕ್ಸು ಹಾಕುತ್ತಿದ್ದಳು, ಹತ್ತು ಮಾತು ಆಡುತ್ತಿರಲಿಲ್ಲ.

ಅವಳು ಬಂದ ಎರಡನೇ ವರ್ಷ ಗರ್ಭಿಣಿಯಾದಳು. ಮದುವೆಯಾಗಿ ಮೂರು ವರ್ಷವಾಗಿದ್ದರಿಂದ ಗಿರಿಜಕ್ಕನ ಸಂತೋಷ ಹಿಡಿಯುವವರಿರಲಿಲ್ಲ. ವಾರದೊಳಗೆ ಇಡೀ ರಸ್ತೆಗೆ ಹಲ್ವ ಹಂಚಿದರು. ಗಲ್ಫಿಗೆ ಫೋನು, ವಾಮಂಜೂರಿಗೆ ಫೋನು, ದೇವಸ್ಥಾನಕ್ಕೆ ಹರಕೆ. ಎರಡು ತಿಂಗಳು ತುಂಬುವ ಮೊದಲೇ ಗರ್ಭ ನಿಲ್ಲದೆ ಹೋಯಿತು. ಹಲ್ವ ತಿಂದವರೆಲ್ಲ ಸಮಾಧಾನ ಹೇಳಲು ಬಂದರು. ಗಿರಿಜಕ್ಕ ಅವರ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದರು: "ನನ್ನ ನಾಲಿಗೆಯೇ ಸರಿ ಇಲ್ಲ. ಅಷ್ಟು ಬೇಗ ಎಲ್ಲರಿಗೂ ಹೇಳ್ಬಾರ್ದಿತ್ತು. ದೃಷ್ಟಿ ಆಯ್ತು." ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವರು ಮಾಡಿದ್ದೆಲ್ಲ ಕೆಟ್ಟತನದಿಂದ ಮಾಡಿದ್ದಲ್ಲ, ಹೆದರಿಕೆಯಿಂದ ಮಾಡಿದ್ದು.

ಮರುವರ್ಷ ಗಂಡ ರಜೆ ಮುಗಿಸಿ ಹೋದ ಮೇಲೆ ಒಂದು ಬೆಳಿಗ್ಗೆ ಹರಿಣಾಕ್ಷಿ ಬಕೆಟ್ಟಿನಿಂದ ಲೈನಿಂಗ್ ಬಟ್ಟೆ ಎತ್ತಿ ಹಿಂಡುತ್ತಿದ್ದವಳು ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡಿದಳು. ಹಿಂದಿರುಗಿ ಬಂದು ಗೋಡೆಗೆ ಒರಗಿ ನಿಂತಳು. ಮುಖ ಬಿಳುಚಿತ್ತು. ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು.

"ಡೇಟಾಗಿ ಒಂದೂವರೆ ತಿಂಗಳಾಯ್ತು ಅಕ್ಕ. ಅತ್ತೆಗೆ ಮಾತ್ರ ಹೇಳಿದ್ದೇನೆ. ಅವರು ಯಾರಿಗೂ ಹೇಳ್ಬೇಡ ಅಂದಿದ್ದಾರೆ. ಐದು ತುಂಬುವವರೆಗೆ ಮನೆಯಿಂದ ಸುದ್ದಿ ಹೊರಗೆ ಹೋಗ್ಬಾರ್ದಂತೆ."

"ಒಳ್ಳೇದೇ ಆಯ್ತಲ್ಲ" ಎಂದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಡಾಕ್ಟರ ಹತ್ರ ಈಗಲೇ ಒಮ್ಮೆ ಹೋಗ್ಬೇಕಾ ಅಕ್ಕ?" ಎಂದು ಕೇಳಿದಳು. "ಹೋದ ಸಲ ಹಾಗೆ ಆಯ್ತಲ್ಲ. ನನಗೆ ಒಂದು ಹೆದರಿಕೆ. ನಿಮಗೆ ಎರಡು ಮಕ್ಕಳಾದದ್ದಲ್ವಾ, ನೀವು ಹೇಳಿ."

ನೋಡಿ, ಅವಳು ಕೇಳಿದಳು. ಯಾರನ್ನೂ ಏನೂ ಕೇಳದ ಹುಡುಗಿ ನನ್ನನ್ನು ಕೇಳಿದಳು. ನಾನು ಕತ್ತರಿ ಕೆಳಗಿಡದೆಯೇ ಉತ್ತರ ಕೊಟ್ಟೆ.

"ಈಗ ಹೋಗಿ ಎಂತ ಮಾಡ್ಲಿಕ್ಕುಂಟು ಮಾರಾಯ್ತಿ? ಹೊಟ್ಟೆಯೇ ಕಾಣುದಿಲ್ಲ. ಅವರೆಂತ ನೋಡ್ತಾರೆ? ನಾನು ಎರಡು ಸಲವೂ ಐದನೇ ತಿಂಗಳಲ್ಲೇ ಹೋದದ್ದು. ಎಂತ ಆಯ್ತು ನನಗೆ? ಅತ್ತೆ ಹೇಳಿದ ಹಾಗೆ ಮಾಡು. ಐದು ತುಂಬ್ಲಿ."

ಅವಳ ಮುಖದಲ್ಲಿ ಒಂದು ನೆಮ್ಮದಿ ಬಂತು. ಅದು ನಾನು ಕೊಟ್ಟ ನೆಮ್ಮದಿ. ನನಗೆ ಎರಡು ಸಲ ಏನೂ ಆಗಲಿಲ್ಲ ಎಂಬುದು ನನ್ನ ಅದೃಷ್ಟವೇ ಹೊರತು ನನ್ನ ತಿಳಿವಳಿಕೆಯಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ. ಮಕ್ಕಳನ್ನು ಹೆತ್ತವಳಿಗೆ ಹೆರಿಗೆಯ ವಿಷಯವೆಲ್ಲ ಗೊತ್ತಿರುತ್ತದೆ ಎಂದು ನಾವು ಹೆಂಗಸರು ಹೇಗೋ ನಂಬಿಕೊಂಡಿದ್ದೇವೆ. ಮೂವತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ಮಾತ್ರಕ್ಕೆ ನನಗೆ ಬಸ್ಸಿನ ಎಂಜಿನು ಬಿಚ್ಚಲು ಬರುತ್ತದೆಯೇ?

ಆ ಕಾಲದಲ್ಲಿ ನಮ್ಮ ವಾರ್ಡಿಗೆ ಸೆಲಿನ್ ಬಾಯಿ ಎಂಬ ಆಶಾ ಕಾರ್ಯಕರ್ತೆ ಬರುತ್ತಿದ್ದರು. ಬಿಸಿಲಿಗೆ ಒಂದು ಹಳೆಯ ಕೊಡೆ, ಹೆಗಲಲ್ಲಿ ರಿಜಿಸ್ಟರಿನ ಚೀಲ. ಮನೆಮನೆಗೆ ಹೋಗಿ ಗರ್ಭಿಣಿಯರು ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು, ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತಾಯಿ ಕಾರ್ಡು ಮಾಡಿಸುವುದು ಅವರ ಕೆಲಸ. ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದಾಗ ಗಿರಿಜಕ್ಕನೂ ಸೊಸೆಗೆ ಗಂಜಿ ಊಟ ತಂದು ಅಲ್ಲೇ ಕೂತಿದ್ದರು.

"ಗಿರಿಜಕ್ಕ, ನಿಮ್ಮಲ್ಲಿ ವಿಶೇಷ ಉಂಟಾ? ಮೂರು ತಿಂಗಳೊಳಗೆ ಒಮ್ಮೆ ಬಂದ್ರೆ ಒಳ್ಳೇದು. ಒಂದು ರಕ್ತಪರೀಕ್ಷೆ, ಒಂದು ಬಿಪಿ. ಅಷ್ಟೇ."

"ನಮ್ಮಲ್ಲಿ ಎಂತದೂ ಇಲ್ಲ ಬಾಯಮ್ಮ. ಇದ್ರೆ ನಿಮಗೆ ಹೇಳದೆ ಇರ್ತೇವಾ?"

ಸೆಲಿನ್ ಬಾಯಿ ನನ್ನ ಕಡೆ ನೋಡಿದರು. ಟೈಲರಿಗೆ ಗೊತ್ತಿರುತ್ತದೆ ಎಂದು ಅವರಿಗೂ ಗೊತ್ತಿತ್ತು. ನಾನು ಯಂತ್ರದ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾದೆ. ಹರಿಣಾಕ್ಷಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೆಲಿನ್ ಬಾಯಿ ಕೊಡೆ ಬಿಡಿಸಿಕೊಂಡು ಮುಂದಿನ ಮನೆಗೆ ಹೋದರು.

ಐದು ತುಂಬಿದ ಮೇಲೆ ಒಳ್ಳೆಯ ದಿನ ನೋಡಿ ಅತ್ತೆ ಸೊಸೆ ಡಾಕ್ಟರರ ಬಳಿ ಹೋದರು. ಹಿಂದಿರುಗಿದ ಹರಿಣಾಕ್ಷಿ ಸೀದಾ ಅಂಗಡಿಗೆ ಬಂದು ಕೂತಳು. ಕೈಯಲ್ಲಿ ಮಾತ್ರೆಗಳ ಕಟ್ಟು.

"ಬಿಪಿ ತುಂಬ ಜಾಸ್ತಿ ಉಂಟಂತೆ ಅಕ್ಕ. ಡಾಕ್ಟರ್ ಮೂರು ಸಲ ನೋಡಿದ್ರು. ಇದು ಮೊದಲೇ ಇದ್ದದ್ದಾ, ಬಸುರಿಯಾದ ಮೇಲೆ ಬಂದದ್ದಾ, ಶುರುವಿನ ತಿಂಗಳಲ್ಲಿ ಎಷ್ಟಿತ್ತು ಅಂತ ಕೇಳಿದ್ರು. ನಾನು ಎಂತ ಹೇಳೂದು? ಜೀವಮಾನದಲ್ಲಿ ಒಮ್ಮೆಯೂ ನೋಡ್ಲಿಲ್ಲ."

"ಮತ್ತೆ?"

"ಮಗು ದಿನಕ್ಕೆ ತಕ್ಕ ಹಾಗೆ ಬೆಳೀಲಿಲ್ಲಂತೆ. ಆದ್ರೆ ದಿನದ ಲೆಕ್ಕವೇ ತಪ್ಪಿದ್ದಾ ಅಂತಲೂ ಗೊತ್ತಾಗುದಿಲ್ಲಂತೆ. ನನ್ನ ಡೇಟು ಯಾವಾಗಲೂ ಹಿಂದೆಮುಂದೆ. ಎರಡು ಮೂರು ತಿಂಗಳಲ್ಲಿ ಒಂದು ಸ್ಕ್ಯಾನ್ ಇದ್ದಿದ್ರೆ ಸರಿಯಾಗಿ ಹೇಳ್ಬಹುದಿತ್ತಂತೆ." ಅವಳು ಮಾತ್ರೆಯ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಬಿಪಿಯಿಂದ ಮುಂದೆ ತೊಂದರೆ ಆಗದ ಹಾಗೆ ನನ್ನ ಹಾಗಿನವರಿಗೆ ಮೂರನೇ ತಿಂಗಳ ಹೊತ್ತಿಗೆ ಶುರು ಮಾಡ್ತಾರಂತೆ, ಒಂದು ಸಣ್ಣ ಮಾತ್ರೆ. ಅದರ ಟೈಮ್ ಹೋಯ್ತು ಅಂದ್ರು."

ಅವಳ ಧ್ವನಿಯಲ್ಲಿ ಆರೋಪವಿರಲಿಲ್ಲ. ಡಾಕ್ಟರರು ಹೇಳಿದ್ದನ್ನು ಮರೆಯುವ ಮೊದಲು ಯಾರಿಗಾದರೂ ಹೇಳಿಬಿಡಬೇಕು ಎಂಬ ಆತುರವಷ್ಟೇ ಇತ್ತು. "ಮಾತ್ರೆ ಕೊಟ್ಟಿದ್ದಾರಲ್ಲ, ಸರಿಯಾಗ್ತದೆ" ಎಂದೆ.

ಆ ಮೇಲೆ ಅವಳು ತಪ್ಪದೆ ಹೋದಳು, ಮಾತ್ರೆ ತಪ್ಪಿಸಲಿಲ್ಲ, ಉಪ್ಪಿನಕಾಯಿ ಬಿಟ್ಟಳು. ನಮ್ಮ ಕರಾವಳಿಯವರಿಗೆ ಉಪ್ಪಿನಕಾಯಿಯಿಲ್ಲದೆ ಗಂಜಿ ಇಳಿಯುವುದಿಲ್ಲ. ಅವಳು ಬರೀ ಮೊಸರು ಹಾಕಿಕೊಂಡು ಉಂಡಳು. ಏಳನೇ ತಿಂಗಳಿನಲ್ಲಿ ಬಯಕೆಯ ಶಾಸ್ತ್ರ ಇಟ್ಟುಕೊಂಡರು. ಬಸುರಿ ಸೊಸೆಗೆ ಹಸಿರು ಸೀರೆ ಉಡಿಸಿ, ಮಡಿಲು ತುಂಬಿ, ಬಯಸಿದ ತಿಂಡಿ ತಿನ್ನಿಸಿ ತವರಿಗೆ ಕಳಿಸುವ ಕಾರ್ಯಕ್ರಮ. ರವಿಕೆ ನಾನೇ ಹೊಲಿದೆ. ಅಳತೆ ತೆಗೆದು ಹನ್ನೆರಡು ದಿನಕ್ಕೆ, ಬಯಕೆಗೆ ಇನ್ನೆರಡು ದಿನವಿರುವಾಗ, ಹಾಕಿ ನೋಡಲು ಕರೆದೆ.

ತೋಳು ಒಳಗೆ ಹೋಗಲಿಲ್ಲ.

ಬಟ್ಟೆ ಮಡಿಸಿ, ಎಳೆದು, ಮತ್ತೆ ನೋಡಿದೆ. ಮೊಣಕೈಯಿಂದ ಮೇಲೆ ಏರಲೇ ಇಲ್ಲ. ನಾನು ಅಳತೆ ತಪ್ಪುವವಳಲ್ಲ. ಅದೊಂದು ಜಂಬವನ್ನು ಇವತ್ತಿಗೂ ಬಿಟ್ಟಿಲ್ಲ. ಟೇಪು ಹಿಡಿದು ನೋಡಿದರೆ ತೋಳು ಒಂದೂಕಾಲು ಇಂಚು ದಪ್ಪವಾಗಿತ್ತು. ಹನ್ನೆರಡು ದಿನದಲ್ಲಿ. ಬೆರಳುಗಳು ಊದಿ ಉಂಗುರ ಚರ್ಮದೊಳಗೆ ಹುದುಗಿತ್ತು. ಕಣ್ಣಿನ ಕೆಳಗೆ ನೀರು ತುಂಬಿದ ಹಾಗಿತ್ತು.

"ಬಸುರಿಗೆ ಕೈಕಾಲು ಊದುದು ಇದ್ದದ್ದೇ ಅಂತ ಅತ್ತೆ ಹೇಳಿದ್ರು" ಎಂದು ನಗಲು ನೋಡಿದಳು. "ಆದ್ರೆ ಬೆಳಿಗ್ಗೆಯಿಂದ ಮಂಡೆ ಸಿಡಿಯುತ್ತಾ ಉಂಟು ಅಕ್ಕ. ಕಣ್ಣಿನ ಮುಂದೆ ಮಿಂಚಿನ ಹಾಗೆ ಬರ್ತದೆ. ಟ್ಯೂಬ್‌ಲೈಟು ಮಿಣುಕುತ್ತಾ ಉಂಟಾ?"

ಟ್ಯೂಬ್‌ಲೈಟು ಆರಿತ್ತು. ಹಗಲು ಹನ್ನೊಂದು ಗಂಟೆ. ಏನು ಎಂದು ಗೊತ್ತಿಲ್ಲದಿದ್ದರೂ, ಇದು ಐದು ತುಂಬಲಿ, ಏಳು ತುಂಬಲಿ ಎಂದು ಕಾಯುವ ವಿಷಯವಲ್ಲ ಎಂದು ಆ ದಿನ ನನಗೆ ಕೊನೆಗೂ ತಿಳಿಯಿತು. ಅಂಗಡಿಯನ್ನು ತೆರೆದೇ ಬಿಟ್ಟು ರಸ್ತೆಗೆ ಓಡಿ ರಿಕ್ಷಾ ನಿಲ್ಲಿಸಿದೆ. ಪಕ್ಕದ ಅಂಗಡಿಯವರಿಗೆ, ಗಿರಿಜಕ್ಕನನ್ನು ಪೇಟೆಯ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದು ಕೂಗಿ ಹೇಳಿದೆ. ರಿಕ್ಷಾದಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟಿದ್ದಳು. ಆಸ್ಪತ್ರೆಯ ಗೇಟು ಕಾಣುತ್ತಿರುವಾಗ ಅವಳ ಕೈ ನನ್ನ ಕೈಯೊಳಗೆ ಸೆಟೆದುಕೊಂಡಿತು. ಆಮೇಲೆ ಇಡೀ ಮೈ. ಹಲ್ಲು ಕಚ್ಚಿ, ಕಣ್ಣು ಮೇಲೆ ಸಿಕ್ಕಿ, ಆ ಮಾತಿಲ್ಲದ ಹುಡುಗಿಯ ಗಂಟಲಿನಿಂದ ಬಂದ ಶಬ್ದವನ್ನು ನಾನು ನಿಮಗೆ ವಿವರಿಸುವುದಿಲ್ಲ. ರಿಕ್ಷಾದವನು ಹಾರ್ನಿನಿಂದ ಕೈ ತೆಗೆಯದೆ ಬಾಗಿಲವರೆಗೂ ಓಡಿಸಿದ.

ಬಿಪಿ ಏರಿ ಬಂದ ಫಿಟ್ಸ್ ಅಂತೆ. ಅವಳನ್ನು ಉಳಿಸಿಕೊಂಡರು. ಮಗುವನ್ನು ಆ ಮಧ್ಯಾಹ್ನವೇ ತೆಗೆಯಬೇಕಾಯಿತು. ಹೆಣ್ಣು. ಒಂದು ಕಿಲೋ ಕೂಡ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಸಂಜೆ ಡಾಕ್ಟರರು ಹೊರಗಿನ ಬೆಂಚಿನ ಬಳಿ ನಿಂತು ಗಿರಿಜಕ್ಕನಿಗೆ ಎಲ್ಲ ವಿವರಿಸುತ್ತಿದ್ದರು. ಅಷ್ಟರಲ್ಲಿ ವಾಮಂಜೂರಿನಿಂದ ಹರಿಣಾಕ್ಷಿಯ ಅಪ್ಪ ಅಮ್ಮನೂ ಬಂದಿದ್ದರು. "ಮೊದಲ ಮೂರು ತಿಂಗಳಲ್ಲಿ ತೋರಿಸಿರಲಿಲ್ವಾ?" ಎಂದು ಡಾಕ್ಟರರು ಕೇಳಿದ್ದೇ ತಡ, ಗಿರಿಜಕ್ಕ ನೆಲದ ಮೇಲೆ ಕೂತುಬಿಟ್ಟರು.

"ನಾನೇ ಬೇಡ ಹೇಳಿದ್ದು. ಅವಳದ್ದು ತಪ್ಪಿಲ್ಲ. ನಾನೇ ಮುಚ್ಚಿಟ್ಟದ್ದು. ಮನೆ ಬಾಗಿಲಿಗೆ ಬಂದವರಿಗೂ ಸುಳ್ಳು ಹೇಳಿದೆ" ಎಂದು ಎರಡೂ ಕೈಯಿಂದ ಹಣೆ ಹಣೆ ಬಡಿದುಕೊಂಡರು.

ಹರಿಣಾಕ್ಷಿಯ ಅಮ್ಮ ಮುಖ ತಿರುಗಿಸಿದರು. ಅಪ್ಪ ಏನೋ ಒರಟಾಗಿ ಹೇಳಿದರು. ನಾನು ಅಲ್ಲೇ ಇದ್ದೆ, ಕಂಬಕ್ಕೆ ಒರಗಿಕೊಂಡು. ನಾನೂ ಹೇಳಿದ್ದೆ, ಅವಳು ಬಾಯಿಬಿಟ್ಟು ಕೇಳಿದಾಗ ಬೇಡ ಎಂದದ್ದು ನಾನು ಎಂದು ಹೇಳಲು ಒಂದು ಹೆಜ್ಜೆ ಮುಂದಿಡಬೇಕಿತ್ತು, ಅಷ್ಟೇ. ಇಡಲಿಲ್ಲ. ಎಲ್ಲರೂ ನನ್ನನ್ನು ಸಮಯಕ್ಕೆ ಸರಿಯಾಗಿ ಕರೆತಂದ ಪುಣ್ಯಾತ್ಮಳು ಎಂದು ನೋಡುತ್ತಿದ್ದರು. ಆ ನೋಟವನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮಗು ಒಂಬತ್ತು ದಿನ ಇತ್ತು. ಹರಿಣಾಕ್ಷಿ ಅದನ್ನು ಎರಡು ಸಲ ಮುಟ್ಟಿದಳು, ಪೆಟ್ಟಿಗೆಯ ರಂಧ್ರದಿಂದ ಕೈ ಹಾಕಿ. ಬಯಕೆಯ ಹಸಿರು ರವಿಕೆಯನ್ನು ನಾನು ಯಾರಿಗೂ ತೋರಿಸದೆ ಬಿಚ್ಚಿಹಾಕಿದೆ.

ನಾಲ್ಕು ತಿಂಗಳ ನಂತರ ಅವಳು ಕೆಲಸಕ್ಕೆ ಮರಳಿದಳು. ತವರಲ್ಲಿದ್ದು ಸುಧಾರಿಸಿಕೊಂಡು ಬಂದಿದ್ದಳು. ಬಿಪಿ ಮಾತ್ರ ಇಳಿಯದೆ ಹಾಗೇ ಉಳಿದಿತ್ತು. ಅದು ಬಹುಶಃ ಮೊದಲಿನಿಂದಲೂ ಇತ್ತು ಎಂದು ಡಾಕ್ಟರರು ಹೇಳಿದ್ದರಂತೆ. ಕೆಲಸಕ್ಕೆ ಬಂದ ಎರಡನೇ ದಿನ, ಹುಕ್ಸು ಹಾಕುತ್ತಾ, ತಲೆ ಎತ್ತದೆ ಹೇಳಿದಳು:

"ಅಕ್ಕ, ನಾನು ಕೇಳಿದಾಗ ನೀವೂ ಬೇಡ ಹೇಳಿದ್ರಿ. ನನಗೆ ನೆನಪುಂಟು. ಅಪ್ಪ ಅಮ್ಮನಿಗೆ ನಾನು ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ."

ನನ್ನ ಕಾಲು ಪೆಡಲಿನ ಮೇಲೆಯೇ ನಿಂತಿತು. "ಕೋಪ ಉಂಟಾ ನನ್ನ ಮೇಲೆ?" ಎಂದೆ. ಎಂಥ ಪ್ರಶ್ನೆ!

"ಉಂಟು" ಎಂದಳು. ದಾರವನ್ನು ಹಲ್ಲಿನಿಂದ ಕಡಿದಳು. "ಆದ್ರೆ ನೀವು ಗೊತ್ತಿದ್ದು ಹೇಳಿದ್ದಲ್ಲ. ಅತ್ತೆಯೂ ಗೊತ್ತಿದ್ದು ಮಾಡಿದ್ದಲ್ಲ. ಅವರು ಊಟ ಸರಿ ಮಾಡುದಿಲ್ಲ ಈಗ. ಒಬ್ಬರೇ ಎಲ್ಲ ಹೊತ್ತುಕೊಂಡಿದ್ದಾರೆ."

ಅಷ್ಟು ಉದ್ದ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆ ಸಂಜೆ ಗಿರಿಜಕ್ಕನ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದರು. ಕುಳಿತುಕೊಳ್ಳದೆ, ನಿಂತೇ ಹೇಳಿದೆ. ಅವಳು ಕೇಳಿದ್ದು, ನಾನು ಅಂದದ್ದು, ಸೆಲಿನ್ ಬಾಯಿ ನೋಡಿದಾಗ ಸೂಜಿಗೆ ದಾರ ಪೋಣಿಸುವ ನೆವ ಮಾಡಿದ್ದು, ಎಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

ಅವರು ಕತ್ತರಿ ಕೆಳಗಿಟ್ಟರು.

"ಆ ದಿನ ಆಸ್ಪತ್ರೆಯಲ್ಲಿ ಹೇಳ್ಬಹುದಿತ್ತು ಮಗಾ ನೀನು" ಎಂದರು. "ನಾನು ಅಷ್ಟು ಜನರ ಎದುರು ಒಬ್ಬಳೇ ನೆಲದಲ್ಲಿ ಕೂತಿದ್ದೆ. ನೀನೂ ಬಂದು ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು."

ನನ್ನ ಬದುಕಿನಲ್ಲಿ ಜನ ನನಗೆ ಬೇಕಾದಷ್ಟು ಅಂದಿದ್ದಾರೆ. ಇಷ್ಟು ಮೆತ್ತಗೆ, ಇಷ್ಟು ಆಳಕ್ಕೆ ಹೋಗುವಂತೆ ಯಾರೂ ಅಂದಿಲ್ಲ. ನಾನು ಆಗ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನಾಲ್ಕು ತಿಂಗಳು ತಡವಾಗಿ. ಅವರು ಒಂದಷ್ಟು ಎಲೆಗಳನ್ನು ನನ್ನ ಕಡೆ ಸರಿಸಿದರು. ಕತ್ತಲಾಗುವವರೆಗೆ ಇಬ್ಬರೂ ಎಲೆ ಕತ್ತರಿಸಿದೆವು.

ಇದಾದ ಮೇಲೆ ನನ್ನ ಅಂಗಡಿಯಲ್ಲಿ ಒಂದು ಹೊಸ ತೊಂದರೆ ಶುರುವಾಯಿತು. ಹರಿಣಾಕ್ಷಿ ಮಾತಾಡತೊಡಗಿದಳು. ಅಳತೆ ಕೊಡಲು ಬಂದ ಹೆಂಗಸರನ್ನು ಮೂಲೆಯಿಂದಲೇ ಗಮನಿಸುತ್ತಿದ್ದಳು. ನಾನು ಪರದೆ ಸರಿಸುವಷ್ಟರಲ್ಲಿ ಹತ್ತಿರ ಬಂದು, "ಎಷ್ಟು ದಿನ ಆಯ್ತು? ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿಯೇ ಬಿಡುತ್ತಿದ್ದಳು. ಮೊದಲ ಸಲ ನಾನು ಬೆವತುಹೋದೆ. ಕೆಲವರು ನಾಚಿದರು, ಕೆಲವರಿಗೆ ಸಿಟ್ಟು ಬಂತು. ಒಬ್ಬ ಹುಡುಗಿಯ ಅತ್ತೆ ಮರುದಿನ ಬಂದು ಹೊಲಿಯಲು ಕೊಟ್ಟ ಬಟ್ಟೆಯನ್ನೆಲ್ಲ ವಾಪಸು ಕೇಳಿದರು.

"ನಮ್ಮ ಮನೆಯ ಸುದ್ದಿ ನಿಮಗೆ ಎಂತಕ್ಕೆ? ಇನ್ನೂ ಎರಡು ತಿಂಗಳಾಗ್ಲಿಲ್ಲ. ಊರಿಡೀ ಸಾರ್ಲಿಕ್ಕುಂಟಾ?"

ಹರಿಣಾಕ್ಷಿ ಎದ್ದು ನಿಂತಳು. "ಊರಿಗೆ ಹೇಳ್ಬೇಡಿ ಅಮ್ಮ. ಡಾಕ್ಟರಿಗೆ ಮಾತ್ರ ಹೇಳಿ. ನಾವು ಊರಿಗೆ ಹೇಳ್ಬಾರ್ದು ಅಂತ ಡಾಕ್ಟರಿಗೂ ಹೇಳಲಿಲ್ಲ. ನನ್ನ ಮಗು ಒಂಬತ್ತು ದಿನ ಇತ್ತು." ಅಷ್ಟು ಹೇಳಿ ಕೂತಳು, ಹೆಮ್ಮಿಂಗ್ ಮುಂದುವರಿಸಿದಳು. ಆ ಹೆಂಗಸು ಕೈಯಲ್ಲಿದ್ದ ಬಟ್ಟೆಯ ಕಟ್ಟನ್ನು ಮೇಜಿನ ಮೇಲೆ ವಾಪಸು ಇಟ್ಟು ಹೋದರು. ಅವರ ಸೊಸೆಯನ್ನು ಅವರು ಕರೆದುಕೊಂಡು ಹೋದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎಲ್ಲ ಕತೆಯ ಕೊನೆಯೂ ನಮಗೆ ಸಿಗುವುದಿಲ್ಲ.

ಎರಡು ವರ್ಷದ ನಂತರ ಹರಿಣಾಕ್ಷಿ ಮತ್ತೆ ಗರ್ಭಿಣಿಯಾದಳು. ಈ ಸಲ ಮಗು ಬೇಕು ಎನ್ನುವ ಮೊದಲೇ ಹೋಗಿ ಡಾಕ್ಟರರ ಹತ್ತಿರ ಕೇಳಿ, ಮಾತ್ರೆ ಬದಲಿಸಿಕೊಂಡು ಬಂದಿದ್ದಳು. ಡೇಟು ತಪ್ಪಿ ಹತ್ತು ದಿನಕ್ಕೆ ಗಿರಿಜಕ್ಕ ತಾವೇ ಸೆಲಿನ್ ಬಾಯಿಯ ಮನೆ ಹುಡುಕಿಕೊಂಡು ಹೋದರಂತೆ. "ಬಾಯಮ್ಮ, ಆ ದಿನ ನಿಮಗೆ ಸುಳ್ಳು ಹೇಳಿದ್ದೆ. ಇವತ್ತು ಸತ್ಯ ಹೇಳ್ಲಿಕ್ಕೆ ಬಂದದ್ದು. ನಮ್ಮಲ್ಲಿ ವಿಶೇಷ ಉಂಟು" ಎಂದರಂತೆ. ಸೆಲಿನ್ ಬಾಯಿ ಇದನ್ನು ನನಗೆ ಹೇಳುವಾಗ ಕಣ್ಣೊರೆಸಿಕೊಂಡರು.

ಎಲ್ಲ ಸುಸೂತ್ರವಾಗಿ ನಡೆಯಿತು ಎಂದು ಹೇಳಲಾರೆ. ಆರನೇ ವಾರದಿಂದ ಬಿಪಿ ನೋಡುತ್ತಿದ್ದರು, ಸ್ಕ್ಯಾನಿನಲ್ಲಿ ದಿನ ಗೊತ್ತುಮಾಡಿದ್ದರು, ಮೂರನೇ ತಿಂಗಳ ಆ ಸಣ್ಣ ಮಾತ್ರೆಯನ್ನು ಗಿರಿಜಕ್ಕ ತಮ್ಮ ಕೈಯಾರೆ ಕೊಡುತ್ತಿದ್ದರು. ಆದರೂ ಎಂಟನೇ ತಿಂಗಳ ಕೊನೆಗೆ ಬಿಪಿ ಏರಿತು. ಬರುವುದು ಬಂತು. ಆದರೆ ಈ ಸಲ ಅದು ಬರಬಹುದು ಎಂದು ತಿಳಿದು ಕಾಯುತ್ತಿದ್ದವರಿದ್ದರು. ಅದೇ ದಿನ ಸೇರಿಸಿಕೊಂಡರು, ಎರಡು ವಾರ ನೋಡಿಕೊಂಡರು, ಇನ್ನು ಬೇಡ ಎನಿಸಿದಾಗ ಹೆರಿಗೆ ಮಾಡಿಸಿದರು. ಸಣ್ಣ ಮಗು, ಆದರೆ ಬಾಯಿ ದೊಡ್ಡದು. ವಾರ್ಡಿನ ಆಚೆಗೂ ಕೇಳುವಂತೆ ಅಳುತ್ತಿತ್ತು. ಗಿರಿಜಕ್ಕ ಅದನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತರು. ನಾನೂ ಹತ್ತಿರ ಹೋಗಲಿಲ್ಲ. ಹೋಗಿಬಿಟ್ಟ ಆ ಇನ್ನೊಂದು ಮಗುವೂ ಆ ಹೊತ್ತಿನಲ್ಲಿ ಅಲ್ಲಿತ್ತು.

ಗಿರಿಜಕ್ಕ ಈಗಿಲ್ಲ. ಹರಿಣಾಕ್ಷಿಯ ಸಂಸಾರ ವಿಮಾನ ನಿಲ್ದಾಣದ ಹತ್ತಿರದ ಬಜಪೆಗೆ ಹೋಯಿತು. ಗಂಡ ಗಲ್ಫ್ ಬಿಟ್ಟು ಬಂದು ಅಲ್ಲೇ ಅಂಗಡಿ ಇಟ್ಟಿದ್ದಾನೆ. ವಿಮಾನದ ಸದ್ದಿನ ನಡುವೆ ಫೋನು ಮಾಡುತ್ತಾಳೆ, ಮಗನ ಶಾಲೆಯ ದೂರು ಹೇಳುತ್ತಾಳೆ. ಅವಳು ಹೋದ ಮೇಲೆ ನನ್ನ ಅಂಗಡಿ ಮತ್ತೆ ಮೌನವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಅವಳ ಹಾಗೆ ಕೇಳುವ ಧೈರ್ಯ ನನಗೆ ದಿನವೂ ಬರುತ್ತಿರಲಿಲ್ಲ. ಒಂದು ದಿನ ಕೇಳಿದರೆ ಎರಡು ದಿನ ಬಿಟ್ಟುಬಿಡುತ್ತಿದ್ದೆ.

ಮೊನ್ನೆ ಹಗ್ಗಕ್ಕೆ ಬಟ್ಟೆ ಹರವಿ ಒಳಗೆ ಬಂದಾಗ ನಿಶ್ಮಿತಾ ಬಂದು ನಿಂತಿದ್ದಳು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗಿ, ಮದುವೆಯಾಗಿ ವರ್ಷವಾಗಿಲ್ಲ. ಚೂಡಿದಾರಕ್ಕೆ ಅಳತೆ ಕೊಡಲು ಬಂದಿದ್ದಳು. ಟೇಪು ಎದೆಯ ಸುತ್ತ ಬಂದಾಗ ತುಟಿ ಕಚ್ಚಿದಳು. ನಾನು ಟೇಪನ್ನು ಸಡಿಲ ಬಿಟ್ಟೆ.

"ಡೇಟು ಯಾವಾಗ ಆದದ್ದು?"

ಅವಳು ಬೆಚ್ಚಿಬಿದ್ದಳು. "ನಿಮಗೆ ಹೇಗೆ ಗೊತ್ತಾಯ್ತು ಆಂಟಿ? ಏಳು ವಾರ. ಮೂರು ತಿಂಗಳು ಕಳೀಲಿ, ಮತ್ತೆ ಹೋಗುವ ಅಂತ ನನ್ನ ಫ್ರೆಂಡ್ ಹೇಳಿದ್ದಾಳೆ. ಅವಳಿಗೆ ಎಂತದೂ ಆಗ್ಲಿಲ್ಲಂತೆ."

"ನಾನೂ ಹಿಂದೆ ಒಬ್ಬಳಿಗೆ ಹಾಗೇ ಹೇಳಿದ್ದೆ" ಎಂದೆ. "ತಪ್ಪು ಹೇಳಿದ್ದೆ."

ಪರದೆಯ ಹಿಂದೆ ನಿಂತೇ ಅವಳಿಗೆ ಎಲ್ಲ ಹೇಳಿದೆ. ನಿಮಗೆ ಹೇಳಿದಷ್ಟು ಉದ್ದವಾಗಿ ಅಲ್ಲ. ಆಸ್ಪತ್ರೆಯಲ್ಲಿ ಕಂಬಕ್ಕೆ ಒರಗಿ ನಿಂತದ್ದನ್ನು ಮಾತ್ರ ಬಿಡಲಿಲ್ಲ. ಗಂಡ ಪಾಳಿಯ ಕೆಲಸದಲ್ಲಿದ್ದಾನೆ, ಒಬ್ಬಳೇ ಹೋಗಲು ಹೆದರಿಕೆ ಎಂದಳು. ಮರುದಿನ ಬೆಳಿಗ್ಗೆ ಅಂಗಡಿ ಮುಚ್ಚಿ ನಾನೇ ಜೊತೆಗೆ ಹೋದೆ.

ಆರೋಗ್ಯ ಕೇಂದ್ರದಲ್ಲಿ ನರ್ಸು ಅವಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ತೂಕ ನೋಡಿದರು, ರಕ್ತ ತೆಗೆದರು. ತಾಯಿ ಕಾರ್ಡಿನಲ್ಲಿ ಬರೆಯುತ್ತಾ ನನ್ನ ಕಡೆ ನೋಡಿ, "ನೀವು ಇವರಿಗೆ ಎಂತ ಆಗ್ಬೇಕು? ಅಮ್ಮನಾ, ಅತ್ತೆಯಾ?" ಎಂದು ಕೇಳಿದರು.

"ಟೈಲರ್" ಎಂದೆ.

ನರ್ಸು ಪೆನ್ನು ನಿಲ್ಲಿಸಿ ಒಮ್ಮೆ ನನ್ನನ್ನು ನೋಡಿ, ನಕ್ಕು, ಮತ್ತೆ ಬರೆಯತೊಡಗಿದರು.

ಹೊರಗೆ ಬಸ್‌ಸ್ಟಾಪಿನಲ್ಲಿ ನಿಶ್ಮಿತಾ ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡಳು. ಫೋಲಿಕ್ ಮಾತ್ರೆಯ ಪಟ್ಟಿಯೊಂದು ಅವಳ ಕೈಯಲ್ಲಿತ್ತು. ಅವಳ ಮುಖದಲ್ಲಿ ನಿರಾಳವೂ ಇತ್ತು, ಸ್ವಲ್ಪ ಸಂಕೋಚವೂ ಇತ್ತು.

"ಎಲ್ಲ ನಾರ್ಮಲ್ ಅಂತೆ ಆಂಟಿ. ಸುಮ್ಮನೆ ಬಂದ ಹಾಗಾಯ್ತು. ನಿಮ್ಮ ಒಂದು ಬೆಳಿಗ್ಗೆಯೂ ಹಾಳು."

"ಹೌದು ಮಾರಾಯ್ತಿ, ಸುಮ್ಮನೆ ಬಂದದ್ದು" ಎಂದೆ. ಬಸ್ಸು ಬರುತ್ತಿತ್ತು, ಅವಳ ಮೊಣಕೈ ಹಿಡಿದು ಹತ್ತಿಸಿದೆ. "ಬರುವ ತಿಂಗಳೂ ಹೀಗೇ ಸುಮ್ಮನೆ ಬರುವ."